ಮೂರರಲ್ಲಿ ಎರಡು

೨೦೦೩ ಏಪ್ರಿಲ್ ೭, ಸೋಮವಾರ, ರೋಣ

ಇವತ್ತಿನಿಂದ ಮೂರು ಊರಿನ ಮೂರು ಕಂಪ್ಯೂಟರುಗಳು ಒಂದೇ ಮಾತು ಆಡತೊಡಗಿವೆ. ಆಡಿಸಿದವನು ನಾನು, ಕಳಕೇಶ. ಈ ಊರಿನಲ್ಲಿ ಯಾರಿಗಾದರೂ ಇದನ್ನು ಹೇಳಿದರೆ "ಹೌದೇನ್ರಿ, ಅದರಾಗ ಟಿ.ವಿ.ನೂ ಬರತೈತೇನ್ರಿ?" ಎಂದು ಕೇಳುತ್ತಾರೆ. ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ. ಅದಕ್ಕೇ ಡೈರಿಗೆ ಹೇಳಿಕೊಳ್ಳುತ್ತಿದ್ದೇನೆ.

ನಮ್ಮ ಸಾಹುಕಾರ ಪ್ರಭುಲಿಂಗಪ್ಪನವರದು ಒಂದೇ ಒಂದು ರಾತ್ರಿ ಬಸ್ಸು. ಸಂಜೆ ಗಜೇಂದ್ರಗಡ ಬಿಟ್ಟು, ರೋಣಕ್ಕೆ ಬಂದು, ನರಗುಂದದಲ್ಲಿ ಕೊನೆಯ ಮಂದಿಯನ್ನು ಹತ್ತಿಸಿಕೊಂಡು ಹುಬ್ಬಳ್ಳಿಯ ಮೇಲೆ ಬೆಂಗಳೂರಿಗೆ ಹೋಗುತ್ತದೆ. ಒಂದು ಬಸ್ಸಿಗೆ ಮೂರು ಊರಿನಲ್ಲಿ ಮೂರು ಬುಕಿಂಗ್ ಆಫೀಸು. ಇಷ್ಟು ವರ್ಷ ಸೀಟುಗಳನ್ನು ಊರಿಗಿಷ್ಟು ಎಂದು ಹಂಚಿಕೊಂಡಿದ್ದರು. ಗಜೇಂದ್ರಗಡದವರು ಸೀಟಿಲ್ಲದೆ ವಾಪಸ್ಸು ಹೋಗುವ ದಿನ ನರಗುಂದದ ಪಾಲಿನ ಸೀಟುಗಳು ಬೆಂಗಳೂರಿನ ತನಕ ಗಾಳಿ ಕುಡಿಯುತ್ತ ಹೋಗುತ್ತಿದ್ದವು. ಇದು ತಪ್ಪೆಂದು ಕಾಣಲು ಹುಬ್ಬಳ್ಳಿಯಲ್ಲಿ ಎಂ.ಸಿ.ಎ. ಮಾಡಿದ ನಾನೇ ಬರಬೇಕಾಯಿತು.

ಈಗ ಇಡೀ ಬಸ್ಸಿನ ಸೀಟುಗಳ ಪಟ್ಟಿ ಮೂರೂ ಕಂಪ್ಯೂಟರಿನಲ್ಲಿದೆ. ಯಾರೇ ಸೀಟು ಮಾರಬೇಕಾದರೂ ಅವರ ಕಂಪ್ಯೂಟರು ಫೋನ್ ಲೈನಿನ ಮೇಲೆ ಉಳಿದೆರಡನ್ನು ಕೇಳುತ್ತದೆ. ಆ ಎರಡರಲ್ಲಿ ಒಂದು ಹೌದು ಅಂದರೂ ಸಾಕು. ತನ್ನದೊಂದು ಸೇರಿ ಮೂರರಲ್ಲಿ ಎರಡಾಯಿತು, ಸೀಟು ಕೊಡಬಹುದು. ಒಂದು ಊರಿನಲ್ಲಿ ಕರೆಂಟು ಹೋಗಲಿ, ಲೈನು ಸಾಯಲಿ, ಉಳಿದೆರಡು ಕೆಲಸ ನಡೆಸುತ್ತವೆ. ಸತ್ತದ್ದು ಎದ್ದ ಮೇಲೆ ಪಟ್ಟಿಗಳು ಒಂದನ್ನೊಂದು ನೋಡಿ ಸರಿಮಾಡಿಕೊಳ್ಳುತ್ತವೆ. ಒಂದೇ ಸೀಟಿಗೆ ಎರಡು ತೀರ್ಮಾನ ಕಂಡರೆ ನಂತರದ್ದು ನಿಲ್ಲುತ್ತದೆ, ಹಿಂದಿನದು ಅಳಿಸಿಹೋಗುತ್ತದೆ. ಸೀಟು ರದ್ದಾಗಿ ಬೇರೆಯವರಿಗೆ ಹೋದಾಗ ಹಾಗೆ ತಾನೇ ಆಗಬೇಕಾದದ್ದು. ಅಳಿಸಿದ್ದನ್ನೆಲ್ಲ ಗಂಟು ಕಟ್ಟಿ ಇಡಲು ಇದೇನು ಕೋರ್ಟು ಕಚೇರಿಯಲ್ಲ.

ಸಾಹುಕಾರರಿಗೆ ಇಷ್ಟು ತಿಳಿಸುವುದರಲ್ಲಿ ಬೆಳಗು ಕಳೆಯಿತು. ಕೊನೆಗೆ, "ಪಂಚರಿದ್ದಂಗ ಅನ್ನು. ಮೂರರಾಗ ಇಬ್ಬರು ಒಂದ ಮಾತು ಹೇಳಿದ್ರ ಅದ ಖರೇ," ಅಂದರು. ಅವರ ತಲೆಗೆ ಅಷ್ಟು ಇಳಿದದ್ದೇ ದೊಡ್ಡದು.

ಏಪ್ರಿಲ್ ೯, ಬುಧವಾರ

ಪ್ರೋಗ್ರಾಮು ಬರೆಯುವುದು ಸುಲಭ. ಅದನ್ನು ಮನುಷ್ಯರ ಕೈಗೆ ಕೊಡುವುದು ಕಷ್ಟ.

ನರಗುಂದದ ಆಫೀಸಿನಲ್ಲಿ ಕೂರುವವಳು ಗುಲ್ಷನ ಎಂಬ ಹುಡುಗಿ. ಪಿ.ಯು.ಸಿ. ಮುಗಿಸಿದ್ದಾಳೆ. ಒಂದೇ ಬೆರಳಿನಲ್ಲಿ ಟೈಪ್ ಮಾಡುತ್ತಾಳೆ, ಮಾಡಿದ್ದನ್ನು ಎರಡೆರಡು ಸಲ ಓದುತ್ತಾಳೆ, ಆಮೇಲೆ ಟಿಕೆಟ್ ಬರೆಯುತ್ತಾಳೆ. ಅಷ್ಟರಲ್ಲಿ ಗಿರಾಕಿಗೆ ಗಡ್ಡ ಬಂದಿರುತ್ತದೆ. ತಂದೆ ತೀರಿಹೋಗಿದ್ದಾರಂತೆ. ಮನೆಯಲ್ಲಿ ತಾಯಿ ಜಮಾಲಬಿ, ಐ.ಟಿ.ಐ. ಓದುವ ತಮ್ಮ ಅಯಾಜ. ಮನೆ ನಡೆಯುವುದು ಇವಳ ಪಗಾರದ ಮೇಲೆ ಎಂದು ಸಾಹುಕಾರರು ನನಗೆ ಹೇಳಿದರು, ಅದರಿಂದ ಕಂಪ್ಯೂಟರಿಗೆ ಏನೋ ಅನುಕೂಲ ಆಗುವವರ ಹಾಗೆ.

ಗಜೇಂದ್ರಗಡದ ಖಾದರನದು ಇನ್ನೊಂದು ಬಗೆ. ಐವತ್ತು ದಾಟಿದ ಮನುಷ್ಯ, ಮಾತಿನಲ್ಲಿ ಸಕ್ಕರೆ. ಅಲ್ಲಿಯ ಲೈನು ಆಗಾಗ ಗೊರಗೊರ ಅನ್ನುತ್ತದೆ. ಮನುಷ್ಯರ ಮಾತು ಕೇಳಿಸುತ್ತದೆ, ಕಂಪ್ಯೂಟರಿನ ಮಾತು ದಾಟುವುದಿಲ್ಲ. ಅಂಥ ಹೊತ್ತಿನಲ್ಲಿ ಸೀಟು ಕೊಡಬೇಡ ಅಂದರೆ ಹೌಹಾರಿದ.

"ಬೆಳಿಗ್ಗೆ ಬೋಣಿ ಗಿರಾಕಿ ಬಂದ್ರ ಹ್ಯಾಂಗ್ರಿ ಸಾಹೇಬ್ರ? ಅಂವಗ ಇಲ್ಲ ಅಂದು ಕಳಸಾಕ ಬರಂಗಿಲ್ರಿ."

"ಯಾಕ ಬರಂಗಿಲ್ಲ? ಬಾಯಿಲ್ಲೇನು ನಿಮಗ?"

"ದಿನದ ಮೊದಲನೇ ಗಿರಾಕಿರಿ ಅಂವ. ನಮ್ಮಪ್ಪ ಅತ್ತರ ಮಾರತಿದ್ದ. ಬೋಣಿ ಗಿರಾಕಿ ಏನೂ ತಗೊಳ್ಳಲಿಲ್ಲಂದ್ರ ಹತ್ತಿ ಅದ್ದಿ ಕಿವ್ಯಾಗ ಇಟ್ಟ ಕಳಸತಿದ್ದ. ಬರಿಗೈಲೆ ಕಳಿಸಿದ್ರ ಇಡೀ ದಿನ ಮುಣಗತೈತ್ರಿ."

ಇಪ್ಪತ್ತೊಂದನೆಯ ಶತಮಾನ ಬಂದು ಮೂರು ವರ್ಷವಾಗಿದೆ, ಗಜೇಂದ್ರಗಡದ ತನಕ ಬಂದಿಲ್ಲ. ಕೊನೆಗೆ ಅವನ ಕಾಟಕ್ಕೆ ಬಾಯಿ ಒಪ್ಪಿಗೆ ಎಂಬ ಕೀಲಿಯೊಂದನ್ನು ಇಟ್ಟುಕೊಟ್ಟೆ. ಕಂಪ್ಯೂಟರು ಮಾತಾಡದಿದ್ದರೆ ಬೇರೆ ಆಫೀಸಿಗೆ ಫೋನ್ ಮಾಡಿ ಕೇಳಬೇಕು, ಅವರು ತಮ್ಮ ಪಟ್ಟಿ ನೋಡಿ ಹೌದು ಅಂದರೆ ಆ ಕೀಲಿ ಒತ್ತಬೇಕು. ಅದೂ ಒಂದು ಒಪ್ಪಿಗೆಯೇ, ತನ್ನದು ಸೇರಿ ಎರಡಾಗುತ್ತದೆ.

ಏಪ್ರಿಲ್ ೧೨, ಶನಿವಾರ

ಆಫೀಸಿನ ಹಿಂದಿನ ಖೋಲಿಯಲ್ಲಿ ಮಲಗುವುದರ ಶಿಕ್ಷೆ ಇದು. ಹಲ್ಲುಜ್ಜುವ ಹೊತ್ತಿಗೆ ಫೋನು. ಬೇರೆ ಯಾರು, ಖಾದರ. "ಸಲಾಂ ಸಾಹೇಬ್ರ, ನಿನ್ನೆ ಸಂಜಿಯಿಂದ ಲೈನ್ ಸತ್ತೈತಿ. ಬೋಣಿ ಐತ್ರಿ. ಹನ್ನೊಂದು ಖಾಲಿ ಐತಲ್ರಿ?" ಬಾಯಿ ತುಂಬ ನೊರೆ. ಹೂಂ ಅಂದು ಇಟ್ಟೆ. ಇನ್ನು ದಿನಾ ಇವನ ಬೋಣಿಗೆ ನಾನು ಮಂಗಳಾರತಿ ಎತ್ತಬೇಕೇನೋ.

ಮೂರು ಊರಿನ ಪಟ್ಟಿಗಳು ಸಂಜೆಯ ಹೊತ್ತಿಗೆ ಅಕ್ಷರಕ್ಕೆ ಅಕ್ಷರ ಸರಿ ಹೊಂದುತ್ತಿವೆ. ಹುಬ್ಬಳ್ಳಿಯ ನನ್ನ ಮಾಸ್ತರರು ಇದನ್ನು ನೋಡಬೇಕಿತ್ತು. ಎರಡು ವರ್ಷ ಬೋರ್ಡಿನ ಮೇಲೆ ಬರೆದು ಅಳಿಸಿದ್ದನ್ನು ನಾನು ಬಸ್ಸಿನ ಸೀಟಿನಲ್ಲಿ ಕೂರಿಸಿದ್ದೇನೆ.

ಏಪ್ರಿಲ್ ೧೭, ಗುರುವಾರ

ಡ್ರೈವರ್ ಫಕೀರಸಾಬ ನರಗುಂದದಿಂದ ಫೋನ್ ಮಾಡಿದ. ಹದಿನಾಲ್ಕನೇ ಸೀಟಿಗೆ ಇಬ್ಬರು. ಗಜೇಂದ್ರಗಡದಲ್ಲಿ ಹತ್ತಿದವನು ಆಗಲೇ ಬೂಟು ಬಿಚ್ಚಿ ಕೂತಿದ್ದಾನೆ, ನರಗುಂದದವನು ಟಿಕೆಟ್ ಹಿಡಿದು ಬಾಗಿಲಲ್ಲಿ ನಿಂತಿದ್ದಾನೆ. ಪಟ್ಟಿ ನೋಡಿದೆ. ಹದಿನಾಲ್ಕು ಗಜೇಂದ್ರಗಡದ್ದು, ರೋಣದ ಒಪ್ಪಿಗೆ ಸಹಿತ. ನಾನು ಮಾಡಿದ ಪಟ್ಟಿ ಎರಡೆಂದು ಹೇಳುವುದಿಲ್ಲ. ಹಾಗಾದರೆ ಒಬ್ಬಳು ಸ್ಕ್ರೀನ್ ನೋಡದೆ ಟಿಕೆಟ್ ಬರೆದಿದ್ದಾಳೆ.

ಫೋನಿನಲ್ಲಿ ಕೇಳಿದರೆ, "ನಾನು ನೋಡೇ ಬರದೀನಿ ಸರ್," ಅಂದಳು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಏಪ್ರಿಲ್ ೨೧, ಸೋಮವಾರ

ಬೆಳಿಗ್ಗೆ ಕಲ್ಲವ್ವನ ಖಾನಾವಳಿಗೆ ಹೊರಟಿದ್ದೆ, ಖಾದರನ ಫೋನು. ಬೋಣಿ. ಹೂಂ. ಹೋಗುವಷ್ಟರಲ್ಲಿ ಬಿಸಿ ರೊಟ್ಟಿ ಬೇರೆಯವರ ಪಾಲಾಗಿತ್ತು. "ತಡಾ ಮಾಡಿ ಬಂದವರಿಗೆ ಖಡಕ್ ರೊಟ್ಟಿನ ಗತಿ ನೋಡ್ರಿ," ಅಂದಳು ಕಲ್ಲವ್ವ.

ಏಪ್ರಿಲ್ ೨೪, ಗುರುವಾರ

ಮಧ್ಯಾಹ್ನವೇ ಫೋನು, ಒಂದೇ ಸೀಟಿಗೆ ಮತ್ತೆ ಎರಡು ಟಿಕೆಟ್. ಮತ್ತೆ ನರಗುಂದ. ಗಜೇಂದ್ರಗಡದಲ್ಲಿ ಇಂಥದ್ದು ಒಂದು ದಿನವೂ ಆಗಿಲ್ಲ, ರೋಣದಲ್ಲಿ ಆಗಿಲ್ಲ. ಇಷ್ಟರ ಮೇಲೆ ತನಿಖೆ ಬೇರೆ ಬೇಕೇ? ಆದರೂ ಸಾಹುಕಾರರು ಹೋಗಿ ನೋಡಿ ಬಾ ಅಂದರು, ಹೋದೆ.

ಗುಲ್ಷನ ಎದ್ದು ನಿಂತು ಕುರ್ಚಿ ಬಿಟ್ಟುಕೊಟ್ಟಳು. ನಾನು ಕೂತೆ. ಅವಳು ಅಳಲಿಲ್ಲ, ಜಗಳವಾಡಲಿಲ್ಲ. ಅದು ನನಗೆ ಇನ್ನೂ ಕಿರಿಕಿರಿಯಾಯಿತು.

"ನಿನ್ನೆ ಸಂಜಿಕೆ ಈ ಸೀಟು ಕೊಟ್ಟೇನ್ರಿ ಸರ್. ನಿಮ್ಮ ಮಷೀನ ಹೌದು ಅಂದಿತ್ತು. ಇವತ್ತ ಮಧ್ಯಾಹ್ನ ನೋಡಿದ್ರ ಗಜೇಂದ್ರಗಡದ ಹೆಸರಿಗೈತಿ."

"ಮಷೀನ ತಾನ ಎದ್ದು ಹೆಸರು ಬದಲಿ ಮಾಡತೈತೇನ್ರಿ ಮೇಡಂ?"

"ಅದನ್ನ ನಿಮ್ಮನ್ನ ಕೇಳಾಕತ್ತೀನ್ರಿ."

"ಗಜೇಂದ್ರಗಡದವರು ರೋಣದ ಒಪ್ಪಿಗಿ ತಗೊಂಡು ಕೊಟ್ಟಾರ. ಮೂರರಾಗ ಎರಡು ಆಗೈತಿ. ಪಟ್ಟಿ ಸರಿ ಐತಿ."

"ರೋಣದಾಗ ಹೌದು ಅಂದವರು ಯಾರ್ರಿ?" ಎಂದು ಕೇಳಿದಳು.

ನೋಡಿ ಉದ್ಧಟತನ. ಪ್ರೋಗ್ರಾಮು ಬರೆದವನಿಗೆ ಒಂದು ಬೆರಳಿನ ಟೈಪಿಸ್ಟ್ ಪಾಟೀಸವಾಲು ಹಾಕುತ್ತಾಳೆ. ಇನ್ನು ಮೇಲೆ ಪ್ರತಿ ಟಿಕೆಟ್ಟನ್ನೂ ಮೂರು ಸಲ ನೋಡಿ ಬರೆಯಿರಿ ಎಂದು ಹೇಳಿ ಸಂಜೆ ಸರಕಾರಿ ಬಸ್ಸಿಗೆ ರೋಣಕ್ಕೆ ಬಂದೆ. ದಾರಿಯಲ್ಲಿ ಒಂದು ಕೈಪಿಡಿ ಬರೆಯಬೇಕೆಂದು ಯೋಚಿಸಿದೆ. ಓದುವವರು ಯಾರಿದ್ದಾರೆ ಎಂದು ನೆನಪಾಗಿ ಕೈಬಿಟ್ಟೆ.

ಮೇ ೩, ಶನಿವಾರ

ಇವತ್ತು ಮಿತಿ ಮೀರಿತು. ನರಗುಂದದ ಶಿವನಪ್ಪ ಮಾಸ್ತರರ ಹೆಂಡತಿಗೆ ಹೊಟ್ಟೆಯ ಆಪರೇಷನ್ ಆಗಿದೆ, ಬೆಂಗಳೂರಿನ ದವಾಖಾನೆಗೆ ತೋರಿಸಲು ಹೊರಟವರು. ಹೆಂಡತಿಗೆಂದು ಸಿಕ್ಕಿದ್ದ ಒಂದೇ ಸೀಟಿನಲ್ಲಿ ಗಜೇಂದ್ರಗಡದ ಸೀರೆ ವ್ಯಾಪಾರಿ. ಅವನ ಟಿಕೆಟ್ ಸರಿ, ಪಟ್ಟಿಯಲ್ಲಿ ಅವನದೇ ಹೆಸರು. ಆ ಹೆಂಗಸು ಹೊಟ್ಟೆ ಹಿಡಿದುಕೊಂಡು ಎಂಜಿನ್ ಪೆಟ್ಟಿಗೆಯ ಮೇಲೆ ಕೂತು ಹುಬ್ಬಳ್ಳಿಯ ತನಕ ಹೋದಳಂತೆ. ಅಲ್ಲಿ ಯಾರೋ ಇಳಿದು ಜಾಗವಾಯಿತು.

ಮಾಸ್ತರರು ಬಸ್ಸು ಹತ್ತುವ ಮೊದಲು ಬಜಾರಿನ ನಡುವೆ ನಿಂತು ಗುಲ್ಷನಳನ್ನು ಕಳ್ಳಿ ಅಂದರಂತೆ. ಒಂದು ಸೀಟನ್ನು ಎರಡು ಸಲ ಮಾರಿ ರೊಕ್ಕ ನುಂಗುತ್ತಾಳೆ ಎಂದು. ಸುತ್ತ ನಿಂತವರೂ ದನಿಗೂಡಿಸಿದರು ಎಂದು ಫಕೀರಸಾಬ ಹುಬ್ಬಳ್ಳಿಯಿಂದ ಫೋನ್ ಮಾಡಿ ಹೇಳಿದ. "ಆ ಹುಡುಗಿ ಅಂಥಾಕಿ ಅಲ್ರಿ," ಎಂದು ತಾನೂ ಒಂದು ಮಾತು ಸೇರಿಸಿದ. ಡ್ರೈವರನ ಶಿಫಾರಸು ನನ್ನ ಪಟ್ಟಿಯಲ್ಲಿ ಯಾವ ಕಾಲಮ್ಮಿಗೂ ಬರುವುದಿಲ್ಲ.

ಸೋಮವಾರ ಎಲ್ಲರನ್ನೂ ಕರೆಸುತ್ತೇನೆ, ಇನ್ನೊಂದು ಸಲ ಹೀಗಾಗಲು ಬಿಡುವುದಿಲ್ಲ ಅಂದರು ಸಾಹುಕಾರರು.

ಮೇ ೫, ಸೋಮವಾರ

ಸಾಹುಕಾರರ ಗಾದಿಯ ಮುಂದೆ ಪಂಚಾಯಿತಿ. ಖಾದರ ಇಸ್ತ್ರಿ ಅಂಗಿ ಹಾಕಿಕೊಂಡು ಬಂದಿದ್ದ. ಗುಲ್ಷನ ತಮ್ಮನನ್ನು ಕರೆದುಕೊಂಡು ಬಂದಿದ್ದಳು.

"ನಾ ಯಾವತ್ತೂ ಕೇಳದ ಕೊಟ್ಟಿಲ್ರಿ," ಅಂದ ಖಾದರ. "ಖುದಾನ ಆಣಿ." ಪಟ್ಟಿ ಹಾಗೆಯೇ ಹೇಳುತ್ತದೆ ಎಂದು ನಾನೂ ಅಂದೆ. ಗುಲ್ಷನ ತನ್ನ ಅದೇ ರಾಗ ಹಾಡಿದಳು. ತಾನು ಹಿಂದಿನ ಸಂಜೆಯೇ ಕೊಟ್ಟಿದ್ದು, ಮಷೀನು ಹೌದು ಅಂದದ್ದು, ಮರುದಿನ ಹೆಸರು ಬದಲಾದದ್ದು. ತೋರಿಸಲು ಏನಿದೆ? ಅಳಿಸಿದ್ದು ಅಳಿಸಿಹೋಗಿದೆ.

ಸಾಹುಕಾರರು ತೊಡೆ ತಟ್ಟಿ ಹೇಳಿದರು: "ಕಳಕೇಶಪ್ಪ ನನಗ ಒಂದು ಚಲೋ ಲೆಕ್ಕ ಕಲಿಸ್ಯಾನ. ಮೂರರಾಗ ಎರಡು ಒಂದ ಮಾತು ಹೇಳಿದ್ರ ಅದ ಖರೇ. ಗಜೇಂದ್ರಗಡ ಹೌದು ಅಂತು, ರೋಣ ಹೌದು ಅಂತು. ಇನ್ನ ನೀ ಒಬ್ಬಾಕಿ ಏನ ಹೇಳಿದ್ರ ಏನವಾ? ನಾಳಿಂದ ಬರಬ್ಯಾಡ."

ತಾವಾಗಿ ಅನ್ವಯಿಸಿದರಲ್ಲ, ನನಗೆ ಮೆಚ್ಚಿಕೆಯಾಯಿತು.

ಅಯಾಜ ಏನೋ ಹೇಳಲು ಹೋದ, ಅವಳು ತೋಳು ಹಿಡಿದು ನಿಲ್ಲಿಸಿದಳು. ಬಾಗಿಲ ಹತ್ತಿರ ಹೋಗಿ ನನ್ನ ಕಡೆ ತಿರುಗಿ, "ಸರ್, ಮೂರರಾಗ ಒಂದು ಖರೇ ಹೇಳಿ ಎರಡು ತಪ್ಪು ಹೇಳಿದ್ರ ನಿಮ್ಮ ಮಷೀನ ಏನ ಮಾಡತೈತ್ರಿ?" ಎಂದು ಕೇಳಿದಳು.

ಯಂತ್ರ ಸಾಯಬಹುದು, ಸುಮ್ಮನಾಗಬಹುದು, ಆದರೆ ಮಾತಾಡಿದರೆ ತಪ್ಪಾಡುವುದಿಲ್ಲ ಎಂಬ ನಂಬಿಕೆಯ ಮೇಲೆ ಇಡೀ ಪ್ರೋಗ್ರಾಮು ನಿಂತಿದೆ. ಇದನ್ನು ಅವಳಿಗೆ ತಿಳಿಸಿ ಹೇಳುವಷ್ಟು ಪುರುಸೊತ್ತು ನನಗಿರಲಿಲ್ಲ.

ಮೇ ೭, ಬುಧವಾರ, ನರಗುಂದ

ಬೇರೆಯವರು ಸಿಗುವ ತನಕ ನರಗುಂದದ ಕುರ್ಚಿ ನನಗೆ, ರೋಣದ್ದು ಸಾಹುಕಾರರಿಗೆ. ಎಂ.ಸಿ.ಎ. ಓದಿ ಟಿಕೆಟ್ ಹರಿಯುತ್ತಿದ್ದೇನೆ. ನೆಲಕ್ಕೆ ಮೂರು ಕಾಲು, ಗಾಳಿಗೆ ಒಂದು ಕಾಲು ಕೊಟ್ಟ ಕುರ್ಚಿ. ಗುಡ್ಡದ ಕಡೆಯಿಂದ ಬರುವ ಬಿಸಿಲ ಝಳ ನೇರ ಮುಖಕ್ಕೆ.

ಬಂದವರೆಲ್ಲ "ಆ ಕಳ್ಳಿ ಹೋದಳೇನ್ರಿ?" ಎಂದು ಕೇಳುತ್ತಾರೆ. ಮೊದಲ ದಿನ ಹೂಂ ಅಂದೆ. ಇವತ್ತು ಒಬ್ಬನಿಗೆ, ನಿಮಗೆ ಸೀಟು ಬೇಕೋ ಸುದ್ದಿ ಬೇಕೋ ಎಂದು ಕೇಳಿದೆ. ಬಿಸಿಲಿಗೆ ತಲೆ ಕೆಟ್ಟಿರಬೇಕು.

ಮೇ ೧೨, ಸೋಮವಾರ

ಸಂಜೆ ದೊಡ್ಡವರೊಬ್ಬರು ಬಂದರು. ಸಾಹುಕಾರರ ಮಗಳು ಐಶ್ವರ್ಯಾಳ ಮಾವ. ನರಗುಂದದ ಹೊರಗೆ ಅವರದು ಹತ್ತಿ ಜಿನ್ನಿಂಗ್ ಫ್ಯಾಕ್ಟರಿ ಇದೆ. ನಾಳೆಗೆ ಮುಂದಿನ ಸೀಟು, ಮೂರನೆಯದು, ಬೇಕೆಂದರು. ಸಾಹುಕಾರರ ಬೀಗರು ಅಂದ ಮೇಲೆ ಕೇಳಬೇಕೆ. ಗಜೇಂದ್ರಗಡದ ಲೈನು ಸತ್ತಿತ್ತು. ರೋಣದ ಕಂಪ್ಯೂಟರು ಹೌದು ಅಂದಿತು. ನಾನೇ ಟೈಪ್ ಮಾಡಿ, ಎರಡು ಸಲ ಓದಿ, ಟಿಕೆಟ್ ಬರೆದುಕೊಟ್ಟೆ.

ಮೇ ೧೩, ಮಂಗಳವಾರ

ಮಧ್ಯಾಹ್ನ ಗಜೇಂದ್ರಗಡದ ಲೈನು ಎದ್ದಿತು. ಪಟ್ಟಿಗಳು ಒಂದನ್ನೊಂದು ನೋಡಿಕೊಂಡವು. ಮೂರನೇ ಸೀಟಿನಲ್ಲಿದ್ದ ಬೀಗರ ಹೆಸರು ನನ್ನ ಕಣ್ಣ ಮುಂದೆಯೇ ಹೋಯಿತು, ಬೇರೆ ಹೆಸರು ಬಂದು ಕೂತಿತು. ಪಕ್ಕದಲ್ಲಿ: ಗಜೇಂದ್ರಗಡ, ರೋಣ, ಬಾಯಿ ಒಪ್ಪಿಗೆ.

ಸಂಜೆ ಬಸ್ಸು ಬಂತು. ಮೂರನೇ ಸೀಟಿನಲ್ಲಿ ಗಜೇಂದ್ರಗಡದ ಪಕ್ಕದ ರಾಜೂರಿನವನೊಬ್ಬ ಬಾಯಿ ತೆರೆದು ಮಲಗಿದ್ದ. ಬೀಗರು ನನ್ನ ಅಂಗಿಯ ಕಾಲರು ಹಿಡಿದರು. ಬಜಾರಿನ ಮಂದಿ ಸೇರಿದರು. ಮತ್ತೆ ಶುರುವಾಯಿತು ನೋಡ್ರಿ ಇವರದು ಅಂದರು. ನಾನು ಹೇಳಿದೆ, "ನಿನ್ನೆ ಸಂಜಿಕೆ ಮಷೀನ ಹೌದು ಅಂದಿತ್ರಿ, ನಾ ನೋಡೇ ಬರದೀನಿ."

ಹೇ, ಯಾರ ಮಾತಿದು ನನ್ನ ಬಾಯಲ್ಲಿ.

ಮೇ ೧೪, ಬುಧವಾರ, ರೋಣ

ಬೆಳಿಗ್ಗೆಯೇ ಸಾಹುಕಾರರ ಮುಂದೆ ಹೋಗಿ ನಿಂತೆ. ಬೀಗರ ಫೋನು ಆಗಲೇ ಬಂದಿತ್ತು, ಮುಖ ಕೆಂಡವಾಗಿತ್ತು.

"ಖಾದರ ಕೇಳ್ಯಾನ, ನಾ ಹೂಂ ಅಂದೀನಿ. ಮೂರರಾಗ ಎರಡಾತು. ನೀ ಒಬ್ಬಾಂವ ಬ್ಯಾರೆ ಹೇಳಾಕತ್ತಿ. ಈಗ ತಪ್ಪು ಯಾರದು, ನೀನ ಹೇಳು."

"ಹೂಂ ಅನ್ನುವಾಗ ಪಟ್ಟಿ ನೋಡಿದ್ರೇನ್ರಿ?"

"ಬೋಣಿ ಹೊತ್ತಿನಾಗ ಕೇಳ್ಯಾನೋ ಮಾರಾಯಾ. ನಾನೂ ವ್ಯಾಪಾರಸ್ಥ. ಇಲ್ಲ ಅನ್ನಾಕ ಬಾಯಿ ಹ್ಯಾಂಗ ಬರತೈತಿ?" ಅಂದವರು ನನ್ನನ್ನೇ ಕೇಳಿದರು: "ಇಷ್ಟು ದಿನ ಇಲ್ಲಿ ನೀನ ಇದ್ದೆಲ್ಲ. ನೀ ನೋಡಿ ಹೇಳತಿದ್ಯಾ?"

ಹೌದ್ರಿ ಅನ್ನಬಹುದಿತ್ತು. ಆಗ ಪಕ್ಕದಲ್ಲಿ ಕೇಳಿಸಿಕೊಂಡವರು ಯಾರೂ ಇರಲಿಲ್ಲ, ಫೋನಿನ ಮಾತಿಗೆ ಗುರುತಿರುವುದಿಲ್ಲ. "ಇಲ್ರಿ," ಅಂದೆ.

ನೊರೆ ತುಂಬಿದ ಬಾಯಲ್ಲಿ ಅಂದ ಹೂಂ, ರೊಟ್ಟಿ ಆರುತ್ತದೆ ಎಂದು ಅಂದ ಹೂಂ, ಖಾದರನ ಸಲಾಮು ಬೇಗ ಮುಗಿಯಲಿ ಎಂದು ಅಂದ ಹೂಂ. ಖಾದರ ಕಳ್ಳನಲ್ಲ. ಅವನ ಲೈನು ಸತ್ತಾಗ ನರಗುಂದ ಮಾರಿದ್ದು ಅವನ ಪಟ್ಟಿಗೆ ಗೊತ್ತಿರಲಿಲ್ಲ, ಅದಕ್ಕೇ ಕೇಳಿದ. ರೋಣದ ಕಂಪ್ಯೂಟರಿಗೆ ಗೊತ್ತಿತ್ತು. ಹಿಂದಿನ ಸಂಜೆ ಅದೇ ನರಗುಂದಕ್ಕೆ ಹೌದು ಅಂದಿತ್ತು. ಅದರ ಪಕ್ಕದಲ್ಲೇ ನಿಂತು ನಾನು ಖಾದರನಿಗೂ ಹೂಂ ಅಂದೆ. ರೋಣ ಎರಡು ನಾಲಿಗೆಯಲ್ಲಿ ಮಾತಾಡಿತು, ನಂತರದ್ದು ನಿಲ್ಲಲಿ ಎಂದು ಪ್ರೋಗ್ರಾಮು ಮೊದಲನೆಯದನ್ನು ಗುರುತಿಲ್ಲದ ಹಾಗೆ ಒರೆಸಿತು. ಅದನ್ನು ಬರೆದ ಮಹಾನುಭಾವನೂ ನಾನೇ.

ಊಟಕ್ಕೆ ಹೋದಾಗ ಕಲ್ಲವ್ವ ಮುಖ ನೋಡಿ ಕೇಳಿದಳು, ಹೇಳಿದೆ. "ಎತ್ತು ಈದೈತಿ ಅಂದ್ರ ಕರಾ ಕಟ್ಟು ಅಂದಂಗ ಆತಲ್ಲಪಾ," ಅಂದಳು. ಇಡೀ ತಾಲೂಕಿನಲ್ಲಿ ಅಂಥ ಮೂರ್ಖ ಯಾರೆಂದು ಹುಡುಕಲು ಹೊರಟವನು ನಾನು.

ಮೇ ೧೬, ಶುಕ್ರವಾರ

ಪ್ರೋಗ್ರಾಮು ಬದಲಿಸಿದೆ. ಬಾಯಿ ಒಪ್ಪಿಗೆಯ ಕೀಲಿ ಕಿತ್ತೆಸೆದೆ. ಒಮ್ಮೆ ಎರಡು ಒಪ್ಪಿಗೆಯಿಂದ ಆದ ಸೀಟು, ಮಾರಿದವರೇ ಬಿಡುವ ತನಕ ಕದಲುವುದಿಲ್ಲ. ಅಳಿಸಿದ್ದೂ ಉಳಿಯುತ್ತದೆ. ಒಂಟಿಯಾಗಿ ಬಿದ್ದ ಕಂಪ್ಯೂಟರು ಖಾಲಿ ಇದೆ ಎಂದೂ ಹೇಳುವುದಿಲ್ಲ, ಇಲ್ಲ ಎಂದೂ ಹೇಳುವುದಿಲ್ಲ. 'ಗೊತ್ತಿಲ್ಲ' ಎಂದು ಬರೆಯುತ್ತದೆ. ಆ ಮೂರು ಅಕ್ಷರ ಟೈಪ್ ಮಾಡುವಾಗ ಕೈ ಯಾಕೋ ತಡೆಯಿತು.

ಖಾದರನ ಬೋಣಿಗೆ ಏನು ಮಾಡುವುದೆಂದು ತಿಳಿಯದೆ ಅವನನ್ನೇ ಕೇಳಿದೆ. "ನನ್ನ ಪಾಲಿಗೆ ಒಂದು ಸೀಟು ಬಿಟ್ಟು ಬಿಡ್ರಿ. ಬ್ಯಾರೆ ಯಾರೂ ಮುಟ್ಟಬಾರದು. ಅದನ್ನ ಕೊಡಾಕ ನಾ ಯಾರನ್ನೂ ಕೇಳಬೇಕಿಲ್ಲಲ್ರಿ?" ಅಂದ. ಮೂರೂ ಆಫೀಸಿಗೆ ಒಂದೊಂದು ಬೋಣಿ ಸೀಟು ಬಿಟ್ಟೆ. ಊರಿಗಿಷ್ಟು ಎಂದು ಹಂಚುತ್ತಿದ್ದವರನ್ನು ನೋಡಿ ನಕ್ಕಿದ್ದೆ. ಈಗ ಒಂದೊಂದರ ಮಟ್ಟಿಗೆ ಅವರ ದಾರಿಗೇ ಬಂದಿದ್ದೇನೆ.

ಆಮೇಲೆ ಸಾಹುಕಾರರ ಮುಂದೆ ಖಾದರನನ್ನು ಕೂರಿಸಿ ಎಲ್ಲವನ್ನೂ ಮೊದಲಿನಿಂದ ಹೇಳಿದೆ. "ಯಾ ಅಲ್ಲಾ, ಆ ಕೂಸಿನ ಹೊಟ್ಟಿ ಮ್ಯಾಲೆ ಹೊಡದ್ವೇನ್ರಿ ನಾವು," ಎಂದು ಖಾದರ ಟೊಪ್ಪಿಗೆ ತೆಗೆದು ತಲೆ ಒರೆಸಿಕೊಂಡ. ಸಾಹುಕಾರರು ಬಹಳ ಹೊತ್ತು ಅಡಿಕೆ ಕತ್ತರಿಸಿದರು. ಬೀಗರ ಸಿಟ್ಟು ಇನ್ನೂ ಇಳಿದಿರಲಿಲ್ಲ, ಮಗಳು ಬೇರೆ ಫೋನ್ ಮಾಡಿ ಅತ್ತಿದ್ದಳು. "ಹೋಗು, ಕರಕೊಂಡು ಬಾ ಅಕಿನ್ನ," ಅಂದರು.

ಮೇ ೧೮, ಭಾನುವಾರ

ನರಗುಂದದಲ್ಲಿ ಅವರ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಬುಕಿಂಗ್ ಆಫೀಸಿನ ಗುಲ್ಷನ ಅಂದೆ. "ಕಳ್ಳಿ ಅಂತಾರಲ್ರಿ, ಅಕಿನಾ?" ಎಂದು ಅಂಗಡಿಯವನು ಕೈ ತೋರಿಸಿದ.

ಜಮಾಲಬಿ ಬಾಗಿಲು ತೆರೆದರು. ಒಳಗೆ ಹೊಲಿಗೆ ಯಂತ್ರದ ಸದ್ದು ಬರುತ್ತಿತ್ತು. ಯಾರು ಬಂದರೆಂದು ಹೇಳಿದ ಮೇಲೆ ಸದ್ದು ನಿಂತಿತು. ಗುಲ್ಷನ ಅವರು ಹೊರಗೆ ಬಂದು ನೀರಿನ ಲೋಟ ಕೊಟ್ಟು ಹೊಸ್ತಿಲ ಆಚೆ ನಿಂತರು. ಅಯಾಜ ಕಾಣಲಿಲ್ಲ. ಐ.ಟಿ.ಐ. ಬಿಟ್ಟು ಗ್ಯಾರೇಜಿಗೆ ಹೋಗುತ್ತಿದ್ದಾನೆ ಎಂದು ತಾಯಿ ಹೇಳಿದರು. ಹೇಳಿದ ದನಿಯಲ್ಲಿ ಬೈಗುಳವೇನೂ ಇರಲಿಲ್ಲ.

ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದದ್ದನ್ನು ಒಪ್ಪಿಸಿದೆ. ನಾನು ನೋಡದೆ ಹೂಂ ಅಂದದ್ದು, ಪ್ರೋಗ್ರಾಮಿನ ತಪ್ಪು, ಬೀಗರ ಗಲಾಟೆ, ಎಲ್ಲ. ಕೊನೆಗೆ, "ತಪ್ಪು ನನ್ನದರಿ. ಸಾಹುಕಾರರು ಒಪ್ಯಾರ, ಖಾದರ ಒಪ್ಯಾನ, ನಾನೂ ಒಪ್ಪೀನಿ. ನೀವು ಹೇಳಿದ್ದ ಖರೇ ಅಂತ ಮೂರೂ ಮಂದಿ ಹೇಳಾಕತ್ತೀವಿ. ನಾಳಿಂದ ಬರ್ರಿ," ಅಂದೆ. ಇಷ್ಟು ಹೇಳಿದ ಮೇಲೆ ಅವರ ಮುಖ ಅರಳುತ್ತದೆ ಎಂದುಕೊಂಡಿದ್ದೆ.

"ಮಾಸ್ತರ ಹೆಂಡತಿ ಹೊಟ್ಟಿ ಹಿಡಕೊಂಡು ಕುಂತಾಗ ತಿಳೀಲಿಲ್ರಿ," ಅಂದರು. "ಬೀಗರು ನಿಂತಾಗ ತಿಳೀತು."

ನಾನು ನೀರು ಕುಡಿದೆ.

"ಅವತ್ತ ನಾ ಒಬ್ಬಾಕಿ ಹೇಳಿದ್ದು ಖರೇನ ಇತ್ತಿಲ್ರಿ ಸರ್? ನೀವು ಮೂರು ಮಂದಿ ಹೂಂ ಅಂದ ಮ್ಯಾಲೆ ಅದು ಖರೇ ಆತೇನು? ನಾಳೆ ಮತ್ತ ಇಬ್ಬರು ಸೇರಿ ಬ್ಯಾರೆ ಹೇಳಿದ್ರ ನಾ ಮತ್ತ ಕಳ್ಳಿ ಆಗಬೇಕು. ನನ್ನ ಮಾತಿಗೆ ಕಿಮ್ಮತ್ತು ಬರಾಕ ಪ್ರತಿ ಸಲ ಇನ್ನೊಬ್ಬರ ಮಾತು ಕೂಡಬೇಕಂದ್ರ ಆ ಕುರ್ಚಿ ನನಗ ಬ್ಯಾಡ್ರಿ."

"ಮನಿ ನಡೀಬೇಕಲ್ರಿ," ಅಂದೆ. ಎಂಥ ಮಾತು ಆಡಿದೆ.

"ನಡಸಾಕತ್ತೀನ್ರಿ," ಅಂದರು. ಬೈಯಲಿಲ್ಲ, ದನಿ ಏರಿಸಲೂ ಇಲ್ಲ. "ಅಮ್ಮಾ, ಸರ್‍ಗೆ ಚಹಾ ಮಾಡು," ಎಂದು ಹೇಳಿ ಒಳಗೆ ಹೋದರು. ಯಂತ್ರದ ಸದ್ದು ಮತ್ತೆ ಶುರುವಾಯಿತು. ಚಹಾ ಕುಡಿದು ಬಂದೆ.

ಸಾಹುಕಾರರು ಏನಂದಳೆಂದು ಕೇಳಿದರು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. "ಸೊಕ್ಕು," ಅಂದರು. ನನಗೂ ಹಾಗೆ ಅನ್ನಿಸಲಿ ಎಂದು ಬಹಳ ಪ್ರಯತ್ನಪಟ್ಟೆ. ಬೇರೆಯವರಲ್ಲಿ ತಪ್ಪು ಹುಡುಕುವುದರಲ್ಲಿ ನನ್ನಷ್ಟು ಚುರುಕಾದವನು ಈ ಮೂರು ಊರಿನಲ್ಲಿ ಇಲ್ಲ. ನರಗುಂದದಿಂದ ರೋಣದ ತನಕ ಬಸ್ಸಿನ ಕಿಟಕಿಗೆ ತಲೆ ಕೊಟ್ಟು, ಅವರು ಆಡಿದ ಒಂದೊಂದೇ ಮಾತನ್ನು ತಿರುಗಿಸಿ ತಿರುಗಿಸಿ ನೋಡಿದ್ದೆ. ಒಂದು ತಪ್ಪೂ ಸಿಗಲಿಲ್ಲ.